ಮತ್ಸುಯೆಯಲ್ಲಿ ಮೂರು ವರ್ಷ: ಜಪಾನಿಗೆ ಇಂಗ್ಲಿಷ್ ಕಲಿಸಲು ಹೊರಟವರಿಗೆ

ಒಕಾಯಾಮಾದಿಂದ ಮತ್ಸುಯೆಗೆ ಹೋಗುವ ರೈಲಿನ ಹೆಸರು ಯಾಕುಮೊ. ಎಂಟು ಪದರದ ಮೋಡ ಎಂದು ಅರ್ಥ. ಎರಡೂವರೆ ಗಂಟೆಗೂ ಹೆಚ್ಚು ಕಾಲ ಬೆಟ್ಟಗಳ ನಡುವೆ ಬಳಸಿ ಬಳಸಿ ಸಾಗಿದ ಆ ರೈಲಿನಿಂದ ನಾನು ಇಳಿದಾಗ ಹೆಸರಿಗೆ ತಕ್ಕಂತೆ ಮಳೆ ಸುರಿಯುತ್ತಿತ್ತು. ಕರೆದೊಯ್ಯಲು ಬಂದಿದ್ದವರು ಮೊದಲು ನನ್ನ ಕೈಗೆ ಕೊಟ್ಟದ್ದು ಕೊಡೆ. 'ಬುತ್ತಿ ಮರೆತರೂ ಕೊಡೆ ಮರೆಯಬೇಡ' ಎಂಬುದು ಆ ಕಡೆಯ ಗಾದೆ. ತೀರ್ಥಹಳ್ಳಿಯಲ್ಲಿ ಬೆಳೆದ ನನಗೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

2016ರ ಏಪ್ರಿಲ್‌ನಿಂದ 2019ರ ಮಾರ್ಚ್‌ವರೆಗೆ ಶಿಮಾನೆ ಪ್ರಾಂತ್ಯದ ಈ ಊರಿನಲ್ಲಿ ಸಹಾಯಕ ಭಾಷಾ ಶಿಕ್ಷಕಿಯಾಗಿದ್ದೆ. ಜಪಾನಿನಲ್ಲಿ ಈ ಹುದ್ದೆಯನ್ನು ಏಎಲ್‌ಟಿ ಎನ್ನುತ್ತಾರೆ. ವಿದೇಶಿಯರನ್ನು ಶಾಲೆಗಳಿಗೆ ಕರೆಸಿಕೊಳ್ಳುವ ಜಪಾನ್ ಸರ್ಕಾರದ ಜೆಟ್ ಯೋಜನೆ 1987ರಿಂದ ನಡೆಯುತ್ತಿದೆ. ನಾನು ಹೋದದ್ದು ಅದರಲ್ಲಲ್ಲ, ಶಾಲೆಗಳಿಗೆ ಶಿಕ್ಷಕರನ್ನು ಒದಗಿಸುವ ಒಂದು ಖಾಸಗಿ ಸಂಸ್ಥೆಯ ಮೂಲಕ. ಈ ದಾರಿಯಲ್ಲಿ ಹೋಗುವವರು ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಬೇಕು: ಆಗಸ್ಟ್‌ನಲ್ಲಿ ಪೂರ್ತಿ ಸಂಬಳ ಕೊಡುತ್ತೀರಾ? ಜುಲೈ ಕೊನೆಯಿಂದ ಆಗಸ್ಟ್ ಕೊನೆಯವರೆಗೆ ಶಾಲೆಗೆ ರಜೆ. ನಾನು ಕೇಳದೇ ಹೋದೆ, ಮೊದಲ ಬೇಸಿಗೆಯಲ್ಲಿ ಅರ್ಧ ಸಂಬಳದಲ್ಲಿ ಬಾಡಿಗೆ ಕಟ್ಟಿ ದಿನ ದೂಡಿದೆ.

ಅದಕ್ಕೂ ಮೊದಲು ಎದುರಾಗುವುದು ವೀಸಾ. ಮಾತೃಭಾಷೆ ಇಂಗ್ಲಿಷ್ ಅಲ್ಲದವರು ಇಂಗ್ಲಿಷ್ ಕಲಿಸಲು ಹೋಗಬೇಕಾದರೆ, 12 ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದಕ್ಕೆ ಪುರಾವೆ ಕೇಳುತ್ತಾರೆ. ಒಂದನೆಯ ತರಗತಿಯಿಂದ ಪಿಯುಸಿವರೆಗೆ ಪ್ರತಿ ಶಾಲೆ, ಕಾಲೇಜಿನಿಂದಲೂ ಬೋಧನಾ ಮಾಧ್ಯಮದ ಪ್ರಮಾಣಪತ್ರವನ್ನು ಮೊದಲೇ ತೆಗೆದಿಟ್ಟುಕೊಳ್ಳಿ. ಏಳನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನ್ನ ಗೆಳತಿಯೊಬ್ಬಳು, ನನಗಿಂತ ಚೆನ್ನಾಗಿ ಪಾಠ ಮಾಡುವವಳು, ಇದೇ ಕಾರಣಕ್ಕೆ ಬರಲಾಗಲಿಲ್ಲ. ಇದು ಅನ್ಯಾಯವೆಂದು ನನಗೆ ಇಂದಿಗೂ ಅನಿಸುತ್ತದೆ. ಆದರೆ ಕೆಲಸಕ್ಕೆ ಅರ್ಜಿ ಹಾಕುವ ದಿನವೇ ಇದು ಗೊತ್ತಿರಬೇಕು, ತಿಂಗಳುಗಟ್ಟಲೆ ಕಾದ ಮೇಲೆ ಗೊತ್ತಾಗಬಾರದು.

ಎರಡನೆಯದು ಪಾಸ್‌ಪೋರ್ಟಿನಲ್ಲಿರುವ ನಿಮ್ಮ ಹೆಸರು. ಊರಿನ ಹೆಸರು, ತಂದೆಯ ಹೆಸರು, ಒಂದು ಇನಿಷಿಯಲ್ ಎಂದು ಬರೆಯುವುದು ನಮ್ಮ ರೂಢಿ. ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗ ಖಾಲಿಯೇ ಇರುತ್ತದೆ. ಜಪಾನಿನ ಎಲ್ಲ ಅರ್ಜಿಗಳಲ್ಲೂ ಮೊದಲು ಕೇಳುವುದು ಕುಲನಾಮವನ್ನೇ. ವಿಮಾನ ನಿಲ್ದಾಣದಲ್ಲಿ ಕೊಟ್ಟ ನಿವಾಸಿ ಕಾರ್ಡಿನಲ್ಲಿ ಒಂದು ಬಗೆ, ಬ್ಯಾಂಕಿನಲ್ಲಿ, ವಿದೇಶಿ ಹೆಸರುಗಳನ್ನು ಬರೆಯುವ ಕಟಕಾನ ಲಿಪಿಯಲ್ಲಿ, ಇನ್ನೊಂದು ಬಗೆ ಬರೆದು, ನನ್ನ ಮೊದಲ ಸಂಬಳ ಖಾತೆಗೆ ಸೇರದೆ ಹಿಂದಿರುಗಿತು. ಸಾಧ್ಯವಿದ್ದರೆ ಪಾಸ್‌ಪೋರ್ಟನ್ನು ಇಲ್ಲೇ ಸರಿಪಡಿಸಿಕೊಳ್ಳಿ. ಹೆಸರಿನ ಕಟಕಾನ ರೂಪವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಎಲ್ಲ ಕಡೆ ಅದನ್ನೇ ಬರೆಯಿರಿ. ಮನೆ ಸಿಕ್ಕ 14 ದಿನದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಮನೆಗೆ ಬಾಡಿಗೆಯಲ್ಲದೆ ಠೇವಣಿ, ಮಾಲೀಕರಿಗೆ ಕೊಡುವ ಮರಳಿ ಬಾರದ ಹಣ, ಜಾಮೀನು ಸಂಸ್ಥೆಯ ಶುಲ್ಕ, ವಿಮೆ ಎಲ್ಲ ಸೇರುತ್ತವೆ. ನಾನು 3 ಲಕ್ಷ ಯೆನ್ ಒಯ್ದಿದ್ದೆ, ಸಾಲಲಿಲ್ಲ.

ಇನ್ನು ಜಪಾನೀ ಭಾಷೆ. ಇಂಗ್ಲಿಷ್ ಕಲಿಸಲು ಹೋಗುವವರಿಗೆ ಜಪಾನೀ ಏಕೆ ಎಂದು ಕೇಳುವವರಿದ್ದಾರೆ. ತರಗತಿಯಲ್ಲಿ ಅದಿಲ್ಲದೆಯೂ ನಡೆದೀತು. ಆದರೆ ತರಗತಿ ದಿನಕ್ಕೆ ನಾಲ್ಕು ಗಂಟೆ ಮಾತ್ರ. ಬೆಂಗಳೂರಿನಲ್ಲಿ ಆರು ತಿಂಗಳು ಇಂಗ್ಲಿಷ್ ಮೂಲಕ ಜಪಾನೀ ಕಲಿಯಲು ನಾನು ಹೆಣಗಾಡಿದೆ, ತಲೆಗೆ ಹತ್ತಲಿಲ್ಲ. ಮತ್ಸುಯೆಗೆ ಹೋದ ಮೇಲೆ ಒಂದು ರಾತ್ರಿ ವಾಕ್ಯಗಳ ಕೆಳಗೆ ಇಂಗ್ಲಿಷ್ ಬದಲು ಕನ್ನಡ ಬರೆಯತೊಡಗಿದೆ. 'ಗಕ್ಕೋ ನಿ ಇಕಿಮಾಸು' ಎಂಬಲ್ಲಿ ಗಕ್ಕೋ ಶಾಲೆ, ನಿ ನಮ್ಮ 'ಗೆ', ಇಕಿಮಾಸು ಹೋಗುತ್ತೇನೆ. ಪದದ ಜಾಗ ಒಂದೂ ಕದಲುವುದಿಲ್ಲ. 'ತಬೆತೆ ಮಿಮಾಸು' ಎಂದರೆ ತಿಂದು ನೋಡುತ್ತೇನೆ. ತಿನ್ನುವುದಕ್ಕೂ ನೋಡುವುದಕ್ಕೂ ಏನು ಸಂಬಂಧ ಎಂದು ಅಮೆರಿಕದಿಂದ ಬಂದಿದ್ದ ಸಹೋದ್ಯೋಗಿ ವಾರಗಟ್ಟಲೆ ಕೇಳುತ್ತಿದ್ದರು. ನನಗೆ ಅದು ಅಮ್ಮ ಅಡುಗೆಮನೆಯಿಂದ ಹೇಳುವ ಮಾತು. 'ತಬೆತೆ ಶಿಮಾಯ್ಮಾಶಿತ' ಎಂದರೆ ತಿಂದುಬಿಟ್ಟೆ, ಆ 'ಬಿಟ್ಟೆ'ಯೊಳಗಿನ ಸಣ್ಣ ಪಶ್ಚಾತ್ತಾಪದ ಸಮೇತ. ಅಕ್ಷರಗಳ ಕ್ರಮ ಕೂಡ ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುತ್ತದೆ. ಬೌದ್ಧ ವಿದ್ವಾಂಸರು ಸಂಸ್ಕೃತದ ಅಕ್ಷರಗಳನ್ನು ಅಭ್ಯಾಸ ಮಾಡಿದ್ದರ ಗುರುತು ಅದು. ಕನ್ನಡ ಬಲ್ಲವರು ಜಪಾನೀ ವ್ಯಾಕರಣವನ್ನು ದಯವಿಟ್ಟು ಕನ್ನಡದಲ್ಲೇ ಯೋಚಿಸಿ ಕಲಿಯಿರಿ. ಕಾಂಜಿ ಚಿತ್ರಾಕ್ಷರಗಳಿಗೆ ಮಾತ್ರ ಈ ಸುಲಭ ದಾರಿಯಿಲ್ಲ, ಅವನ್ನು ದಿನವೂ ಕೈಯಲ್ಲಿ ಬರೆದೇ ಕಲಿಯಬೇಕು.

ಹೀಗೆ ಕಲಿತ ಜಪಾನೀ ನನಗೆ ಹೆಚ್ಚು ಬೇಕಾದದ್ದು ಊಟದ ಹೊತ್ತಿನಲ್ಲಿ.

ಪ್ರಾಥಮಿಕ ಶಾಲೆಯಲ್ಲಿ ಮಧ್ಯಾಹ್ನದ ಊಟವನ್ನು ಕ್ಯೂಶೊಕು ಎನ್ನುತ್ತಾರೆ. ಮಕ್ಕಳೇ ಬಿಳಿ ಅಂಗಿ, ಟೋಪಿ ತೊಟ್ಟು ಬಡಿಸುತ್ತಾರೆ, ಶಿಕ್ಷಕರೂ ತರಗತಿಯಲ್ಲೇ ಅವರೊಂದಿಗೆ ಕುಳಿತು ಅದನ್ನೇ ಉಣ್ಣುತ್ತಾರೆ. ನಾನು ಸಸ್ಯಾಹಾರಿ. ಮೊದಲ ವಾರ ಅನ್ನ, ಮಿಸೊ ಸಾರು, ಬೇಯಿಸಿದ ಸೊಪ್ಪು, 200 ಮಿಲಿಲೀಟರ್ ಹಾಲು ಸಾಕೆಂದುಕೊಂಡು ನೆಮ್ಮದಿಯಾಗಿದ್ದೆ. ಆ ಸಾರಿಗೂ ಸೊಪ್ಪಿಗೂ ದಾಶಿ, ಅಂದರೆ ಒಣಮೀನು ಕುದಿಸಿ ತೆಗೆದ ರಸ, ಹಾಕಿರುತ್ತಾರೆಂದು ಆಮೇಲೆ ತಿಳಿಯಿತು. ಅಂದು ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಶಾಲೆಯ ಆಹಾರ ತಜ್ಞೆಯ ಮೇಜಿನ ಮುಂದೆ ನಿಂತು, ಬರೆದುಕೊಂಡು ಹೋಗಿದ್ದ ನಾಲ್ಕು ವಾಕ್ಯಗಳನ್ನು ಓದಿದೆ. ಅವರು ತಿಂಗಳ ಊಟದ ಪಟ್ಟಿಯನ್ನು ಬಿಡಿಸಿದರು. ಪ್ರತಿ ದಿನದ ಪದಾರ್ಥಗಳನ್ನು ಕೆಂಪು, ಹಳದಿ, ಹಸಿರು ಎಂದು ಮೂರು ಗುಂಪಾಗಿ ಅದರಲ್ಲಿ ಬರೆದಿರುತ್ತಾರೆ. ಒಂದು ಗಂಟೆ ನನ್ನ ಪಕ್ಕದಲ್ಲಿ ಕುಳಿತು, ನಾನು ತಿನ್ನಬಹುದಾದ ಒಂದೊಂದರ ಸುತ್ತಲೂ ಪೆನ್ಸಿಲಿನಿಂದ ವೃತ್ತ ಎಳೆದರು. ಆ ತಿಂಗಳು ಮಾತ್ರವಲ್ಲ, ಮೂರು ವರ್ಷವೂ ತಿಂಗಳ ಕೊನೆಯ ವಾರದಲ್ಲಿ ವೃತ್ತ ಹಾಕಿದ ಪಟ್ಟಿ ನನ್ನ ಮೇಜಿನ ಮೇಲಿರುತ್ತಿತ್ತು. ವೃತ್ತವಿಲ್ಲದ ದಿನ ಬುತ್ತಿ ಒಯ್ಯುತ್ತಿದ್ದೆ.

ಬುತ್ತಿ ಒಯ್ಯುವ ಅನುಮತಿಯನ್ನು ಮಾತ್ರ ಮುಖ್ಯೋಪಾಧ್ಯಾಯರಿಂದ ಮೊದಲೇ ಪಡೆಯಬೇಕು. ಎಲ್ಲರೂ ಒಂದೇ ಊಟ ಮಾಡುವ ಕಡೆ ಒಬ್ಬರು ಬೇರೆ ಡಬ್ಬಿ ತೆರೆದರೆ ಮಕ್ಕಳು ಕಾರಣ ಕೇಳುತ್ತಾರೆ. ಕರೀ ಮಾಡಿದ ದಿನ ಮೂರನೆಯ ತರಗತಿಯ ಹುಡುಗನೊಬ್ಬ, "ಸೆನ್ಸೇ, ನೀವು ಭಾರತದವರು, ಕರೀ ಏಕೆ ತಿನ್ನುವುದಿಲ್ಲ?" ಎಂದು ಕೇಳಿದ. ಅದರಲ್ಲಿ ಮಾಂಸವಿದೆ ಎಂದು ನನಗೆ ಬಂದಷ್ಟು ಜಪಾನೀಯಲ್ಲಿ ಹೇಳಿ, ನನ್ನ ಡಬ್ಬಿಯ ಚಿತ್ರಾನ್ನ ತೋರಿಸಿದೆ. ಅವನು ಒಂದು ಕಡಲೆಬೀಜವನ್ನು ದಿಟ್ಟಿಸಿ ನೋಡಿ, "ಇದು ನನಗೂ ಗೊತ್ತು" ಎಂದ. ಅಲ್ಲಿಂದ ಮುಂದೆ ಆ ತರಗತಿಯ ಇಂಗ್ಲಿಷ್ ಪಾಠದಲ್ಲಿ ಕೈ ಎತ್ತುವವರು ಹೆಚ್ಚಾದರು. ಊಟ ತಪ್ಪಿಸಿಕೊಂಡು ಶಿಕ್ಷಕರ ಕೊಠಡಿಯಲ್ಲಿ ಒಬ್ಬರೇ ಕುಳಿತು ಉಣ್ಣುವುದು ಸುಲಭ. ದಯವಿಟ್ಟು ಹಾಗೆ ಮಾಡಬೇಡಿ. ಊಟದ ನಂತರ ಇಡೀ ಶಾಲೆ ಮಂಡಿಯೂರಿ ನೆಲ ಒರೆಸುತ್ತದೆ, ಆಗಲೂ ಬಟ್ಟೆ ಹಿಡಿದು ಜೊತೆಗೆ ಇಳಿಯಿರಿ.

ಸಾರಿನ ಪುಡಿ, ಮೆಂತ್ಯದ ಹಿಟ್ಟು, ಚಟ್ನಿಪುಡಿ ಒಯ್ಯಬಹುದು. ಹಸಿ ಕರಿಬೇವು, ಮಾವಿನಕಾಯಿ ಬೇಡ, ವಿಮಾನ ನಿಲ್ದಾಣದಲ್ಲೇ ತಡೆಯುತ್ತಾರೆ. ಬೇಳೆಯನ್ನು ಅಂತರ್ಜಾಲದ ಅಂಗಡಿಗಳಿಂದ ತರಿಸಿಕೊಳ್ಳುತ್ತಿದ್ದೆ. ಭಾರತೀಯರು ಹೆಚ್ಚಾಗಿರುವ ಟೋಕಿಯೊದ ನಿಶಿ-ಕಸಾಯ್‌ಗೆ ಹೋದಾಗಲೆಲ್ಲ ಚೀಲ ತುಂಬಿಕೊಂಡು ಬರುತ್ತಿದ್ದೆ. ಪ್ರವಾಸದಿಂದ ಮರಳುವಾಗ ಸಹೋದ್ಯೋಗಿಗಳಿಗೆ ಸಿಹಿ ತರುವುದು ಅಲ್ಲಿನ ರೂಢಿ, ಒಂದೊಂದು ತುಂಡೂ ಬೇರೆ ಬೇರೆ ಹೊದಿಕೆಯಲ್ಲಿರಬೇಕು. ಬೆಂಗಳೂರಿನಿಂದ ಮೈಸೂರು ಪಾಕ್ ಕೊಳ್ಳುವಾಗ ಇದನ್ನು ನೆನಪಿಡಿ.

ಪಾಠದ ಬಗ್ಗೆ ಹೇಳಬೇಕಾದದ್ದು ಕಡಿಮೆ. ಜಪಾನೀ ಶಿಕ್ಷಕರ ಜೊತೆ ನಿಂತು ಕಲಿಸುವ ಕೆಲಸವದು, ಯೋಜನೆ ಅವರದು. 2020ರಿಂದ 5 ಮತ್ತು 6ನೆಯ ತರಗತಿಗೆ ಇಂಗ್ಲಿಷ್ ಅಂಕ ಕೊಡುವ ವಿಷಯವಾಗಿದೆ, ಹಾಗಾಗಿ ಈಗ ಹೋಗುವವರು ಆಟ, ಹಾಡುಗಳನ್ನಷ್ಟೇ ನಂಬಿ ಹೋಗಬಾರದು. 'ದಿ', 'ಎ'ಗಳಲ್ಲಿ ಮಕ್ಕಳು ಎಡವಿದರೆ ಅವಸರಪಡಬೇಡಿ, ಕನ್ನಡದಂತೆ ಅವರ ಭಾಷೆಯಲ್ಲೂ ಅವು ಇಲ್ಲ.

ಮತ್ಸುಯೆಯ ಚಳಿಗಾಲ ನಾನು ಎಣಿಸಿದ್ದಕ್ಕಿಂತ ಕಠಿಣವಾಗಿತ್ತು. ಚಳಿ ಹೊರಗಿಗಿಂತ ಮನೆಯೊಳಗೇ ಹೆಚ್ಚು ಕಾಡುತ್ತದೆ. ಗೋಡೆಗಳು ತೆಳು, ಇಡೀ ಮನೆ ಬೆಚ್ಚಗಾಗುವ ವ್ಯವಸ್ಥೆಯಿಲ್ಲ. 18 ಲೀಟರಿನ ಡಬ್ಬಿಯಲ್ಲಿ ಸೀಮೆಎಣ್ಣೆ ಹೊತ್ತು ತಂದು ಸ್ಟೌವ್ ಉರಿಸಬೇಕು, ಆಗಾಗ ಕಿಟಕಿ ತೆರೆಯಬೇಕು. 1890ರಲ್ಲಿ ಇದೇ ಊರಿಗೆ ಇಂಗ್ಲಿಷ್ ಶಿಕ್ಷಕನಾಗಿ ಬಂದ ಲಫ್ಕಾಡಿಯೊ ಹರ್ನ್ ಕೂಡ ಇಲ್ಲಿನ ಚಳಿಗೆ ತತ್ತರಿಸಿ, ಮರುವರ್ಷ ದಕ್ಷಿಣದ ಕುಮಾಮೊಟೊಗೆ ಹೋದರು. ಅವರಿದ್ದ ಮನೆ ಕೋಟೆಯ ಕಂದಕದ ಬದಿಯಲ್ಲಿ ಈಗಲೂ ಇದೆ. ಫೆಬ್ರವರಿಯ ಭಾನುವಾರಗಳಲ್ಲಿ ಅಲ್ಲಿಗೆ ಹೋಗಿ ಆ ಪುಟ್ಟ ತೋಟವನ್ನು ನೋಡುತ್ತಾ ಕೂರುತ್ತಿದ್ದೆ, ಮನಸ್ಸು ಹಗುರವಾಗುತ್ತಿತ್ತು.

ಹಣದ ವಿಷಯದಲ್ಲಿ ಎರಡು ಮಾತು ಬಾಕಿ ಇವೆ. ನಿವಾಸಿ ತೆರಿಗೆಯನ್ನು ಹಿಂದಿನ ವರ್ಷದ ಆದಾಯದ ಮೇಲೆ ಲೆಕ್ಕ ಹಾಕುತ್ತಾರೆ. ಆದ್ದರಿಂದ ಮೊದಲ ವರ್ಷ ಅದು ಕಾಣಿಸುವುದೇ ಇಲ್ಲ, ಎರಡನೆಯ ವರ್ಷದ ಜೂನ್‌ನಿಂದ ಕೈಗೆ ಬರುವ ಸಂಬಳ ಕುಗ್ಗುತ್ತದೆ. ಮೊದಲಿನಿಂದಲೇ ಸ್ವಲ್ಪ ಎತ್ತಿಡಿ.

ಇನ್ನೊಂದು ಪಿಂಚಣಿ. ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಕಟ್ಟಿದವರು ದೇಶ ಬಿಟ್ಟ ಎರಡು ವರ್ಷದೊಳಗೆ ಅರ್ಜಿ ಹಾಕಿದರೆ ಅದರಲ್ಲಿ ಒಂದು ಭಾಗ ಒಟ್ಟಿಗೆ ಮರಳಿ ಸಿಗುತ್ತದೆ. ಆದರೆ ಆ ಹಣ ಪಡೆದರೆ, 2016ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಭಾರತ–ಜಪಾನ್ ಸಾಮಾಜಿಕ ಭದ್ರತಾ ಒಪ್ಪಂದದಡಿ ಆ ವರ್ಷಗಳನ್ನು ಮುಂದೆ ಪಿಂಚಣಿಯ ಸೇವಾವಧಿಗೆ ಸೇರಿಸಿಕೊಳ್ಳಲಾಗುವುದಿಲ್ಲ, ಯೋಚಿಸಿ ನಿರ್ಧರಿಸಿ. ನೌಕರರ ಪಿಂಚಣಿಯಾದರೆ ಕೊಡುವಾಗ ಶೇ. 20.42 ತೆರಿಗೆ ಮುರಿದುಕೊಳ್ಳುತ್ತಾರೆ. ಅದನ್ನು ವಾಪಸು ಪಡೆಯಲು, ಹೊರಡುವ ಮೊದಲೇ ಜಪಾನಿನಲ್ಲಿ ವಾಸಿಸುವ ಒಬ್ಬರನ್ನು ತೆರಿಗೆ ಪ್ರತಿನಿಧಿಯಾಗಿ ನೇಮಿಸಿ ತೆರಿಗೆ ಕಚೇರಿಗೆ ತಿಳಿಸಬೇಕು. ಯಾರನ್ನು ಕೇಳುವುದೆಂದು ಸಂಕೋಚಪಡುತ್ತಿದ್ದಾಗ ಆಹಾರ ತಜ್ಞೆ ತಾವಾಗಿಯೇ ಒಪ್ಪಿಕೊಂಡರು. ನಾನು ಊರಿಗೆ ಮರಳಿ ಒಂದು ವರ್ಷದ ಮೇಲೆ ಹಣ ಕೈಸೇರಿತು. ಅದಕ್ಕೆ ಮೊದಲೇ ಅವರಿಂದ ಒಂದು ಲಕೋಟೆ ಬಂದಿತ್ತು, ಒಳಗೆ ತೆರಿಗೆ ಕಚೇರಿಯ ರಸೀದಿಯ ಪ್ರತಿ ಮತ್ತು ಆ ತಿಂಗಳ ಊಟದ ಪಟ್ಟಿ. ಪಟ್ಟಿಯಲ್ಲಿ ಪೆನ್ಸಿಲಿನ ವೃತ್ತಗಳಿದ್ದವು.