‘ಮನಿ’ ಹಾಡಿನ ಏಳೆಣಿಕೆ ಮತ್ತು ನಮ್ಮೂರ ಮಂಡಕ್ಕಿ

ಇಂಗ್ಲೆಂಡಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ಆಲ್ಬಂ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ (1973) ಬಿಡಿ ಹಾಡುಗಳ ಗಂಟಲ್ಲ. ಹೊತ್ತು, ಸಾವು, ದುಡ್ಡು, ಹುಚ್ಚು: ಮನುಷ್ಯನನ್ನು ಹಿಂಡುವ ಇವನ್ನೇ ಒಂದು ದಾರಕ್ಕೆ ಪೋಣಿಸೋಣ ಅಂದವರು ತಂಡದ ಬೇಸ್ ಗಿಟಾರ್ ವಾದಕ ರೋಜರ್ ವಾಟರ್ಸ್. ಮನಸ್ಸು ಕದಡಿ 1968ರಲ್ಲಿ ತಂಡದಿಂದ ಹೊರಬಿದ್ದ ಸಿಡ್ ಬ್ಯಾರೆಟ್ ನೆರಳು ಕೊನೆಯ ಹಾಡುಗಳ ಮೇಲಿದೆ. ಎಲ್‌.ಪಿ.ಯ (ಎರಡೂ ಮಗ್ಗುಲಲ್ಲಿ ಹಾಡಿರುವ ಗ್ರಾಮಫೋನ್ ತಟ್ಟೆಯ) ಮೊದಲ ಮಗ್ಗುಲು ಸಾವಿನ ಹಾಡಿಗೆ ಮುಗಿಯುತ್ತದೆ. ತಟ್ಟೆ ಮಗುಚಿ ಹಾಕಿದರೆ ದುಡ್ಡಿನ ಹಾಡು ‘ಮನಿ’, ಶುರುವಿಗೇ ಗಲ್ಲಾಪೆಟ್ಟಿಗೆ ಸದ್ದು! ಫೋನಿನಲ್ಲಿ ಕೇಳುವವರು ಅಲ್ಲೊಮ್ಮೆ ನಿಲ್ಲಿಸಿ, ಎದ್ದು ನೀರು ಕುಡಿದು ಬನ್ನಿ. ಆ ಬಿಡುವಿಲ್ಲದೆ ಏಟು ತಾಗುವುದಿಲ್ಲ.

ಆ ಸದ್ದಿನ ಸುತ್ತು ಏಳೆಣಿಕೆಯದು. ತಕಿಟ ತಕಧಿಮಿ ಹೇಳಿಕೊಳ್ಳಿ, ಸರಿಯಾಗಿ ಕೂರುತ್ತದೆ. ಕರ್ನಾಟಕ ಸಂಗೀತದ ಏಳೆಣಿಕೆಯ ತಾಳ ಮಿಶ್ರಛಾಪು ಕೇಳಿದ ಕಿವಿಗೆ ಕಷ್ಟವೇ ಇಲ್ಲ. ವಾಟರ್ಸ್ ತಮ್ಮ ಹೆಂಡತಿ ಮಡಕೆ ಕೆಲಸಕ್ಕೆ ಬಳಸುತ್ತಿದ್ದ ಬೋಗುಣಿಗೆ ಚಿಲ್ಲರೆ ಎಸೆದು ರೆಕಾರ್ಡ್ ಮಾಡಿದರು. ಹರಿಯುವ ಕಾಗದ, ಗಲ್ಲಾಪೆಟ್ಟಿಗೆಯ ಸದ್ದುಗಳೂ ಸೇರಿದವು. ಟೇಪನ್ನು ಅಳತೆಪಟ್ಟಿ ಹಿಡಿದು ಒಂದೇ ಉದ್ದಕ್ಕೆ ಕತ್ತರಿಸಿ, ಅಂಟಿಸಿ, ತುದಿಗೆ ತುದಿ ಕೂಡಿಸಿ ಬಳೆಯಂತೆ ಸುತ್ತಿಸಿದರು. ಲೆಕ್ಕ ಹಾಕಿ ನೋಡಿ: ಟೇಪು ಸೆಕೆಂಡಿಗೆ 15 ಇಂಚು ಓಡಿದರೆ, ನಿಮಿಷಕ್ಕೆ 120 ಎಣಿಕೆಯ ನಡೆಯಲ್ಲಿ ಒಂದೆಣಿಕೆಯ ತುಂಡು 7.5 ಇಂಚು. ಪ್ರತಿ ತುಂಡೂ ಅರ್ಧ ಇಂಚು ಹೆಚ್ಚಾದರೆ ಏಳು ತುಂಡಿನ ಒಂದು ಸುತ್ತಿಗೆ ಹತ್ತಿರಹತ್ತಿರ ಕಾಲು ಸೆಕೆಂಡು ತಡ. 1972ರ ಜನವರಿ 20ರಂದು ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಇಡೀ ಕೃತಿಯನ್ನು ಮೊದಲ ಸಲ ನುಡಿಸಹೊರಟಾಗ ಈ ಹಾಡಿನಲ್ಲೇ ಯಂತ್ರ ಕೈಕೊಟ್ಟು, ಅಲ್ಲಿಗೇ ನಿಲ್ಲಿಸಬೇಕಾಯಿತು.

ದಾವಣಗೆರೆಯಲ್ಲಿ ಕೂತು ಇಂಥದ್ದೊಂದು ಲೂಪ್ (ಮತ್ತೆ ಮತ್ತೆ ಸುತ್ತುವ ಸದ್ದಿನ ತುಣುಕು) ಮಾಡಲು ಫೋನು ಮತ್ತು ಪುಕ್ಕಟೆ ಸಿಗುವ, ಸದ್ದು ಕತ್ತರಿಸಿ ಜೋಡಿಸುವ ತಂತ್ರಾಂಶ ಅಡಾಸಿಟಿ ಸಾಕು. ಸ್ಟೀಲ್ ಬೋಗುಣಿಗೆ ಬೀಳುವ ನಾಣ್ಯ, ಬೆಣ್ಣೆ ದೋಸೆ ಕಾವಲಿಗೆ ತಾಗುವ ಮಗುಚೋ ಕೈ, ಪೇಪರ್ ಹರಿಯುವುದು, ಅಂಗಡಿ ಶಟರ್ ಚಿಲಕ. ಹೀಗೆ ಏಳು ಸದ್ದು. 44,100 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 44,100 ಸ್ಯಾಂಪಲ್ (ಸದ್ದಿನ ಅಳತೆ) ತೆಗೆದು, ವೇವ್ ಫೈಲಾಗಿ ಹಿಡಿಯಿರಿ. ಫೋನಿನ ನಾಯ್ಸ್ ಸಪ್ರೆಷನ್ (ಹಿನ್ನೆಲೆ ಗದ್ದಲ ಅಡಗಿಸುವ ಸೌಲಭ್ಯ) ಆಫ್ ಮಾಡದಿದ್ದರೆ ಅದು ಸದ್ದಿನ ಮೊದಲ ಪೆಟ್ಟನ್ನೇ ತಿಂದುಹಾಕಬಹುದು. ಪೆಟ್ಟು ಶುರುವಾಗುವಲ್ಲೇ ಕತ್ತರಿಸಿ ಒಂದೊಂದನ್ನೂ 22,050 ಸ್ಯಾಂಪಲ್‌ಗೆ, ಅಂದರೆ ಅರ್ಧ ಸೆಕೆಂಡಿಗೆ ತನ್ನಿ. ಏಳು ಸೇರಿದರೆ 3.5 ಸೆಕೆಂಡು. ತುಂಡಿನ ಎರಡೂ ತುದಿಗೆ 2–3 ಮಿಲಿಸೆಕೆಂಡು ಫೇಡ್ ಕೊಡಿ, ಅಂದರೆ ಸದ್ದು ಮೆಲ್ಲಗೆ ಏರಿ ಇಳಿಯುವಂತೆ ಮಾಡಿ. ಇಲ್ಲವಾದರೆ ಅಲೆ ನಡುವೆ ಕತ್ತರಿಸಿ ಹೋಗಿ ಪ್ರತಿ ಬೆಸುಗೆಯಲ್ಲೂ ಟಕ್ ಎನ್ನುತ್ತದೆ.

ಮಂಡಕ್ಕಿ ಸುರಿಯುವ ಸದ್ದು ಬಿಡಲು ಯಾರಿಗೆ ಮನಸ್ಸು ಬರುತ್ತದೆ? ಆದರೆ ಅದು ಒಮ್ಮೆಲೇ ಬಡಿಯದು, ಮೆಲ್ಲಗೆ ಏರುತ್ತದೆ. ಶುರುವನ್ನು ಎಣಿಕೆಗೆ ಕೂರಿಸಿದರೆ ತಾಳ ತಪ್ಪಿದ ಹಾಗೆ ಕೇಳುತ್ತದೆ. ಏರುವ ಭಾಗವನ್ನು ಹಿಂದಿನ ತುಂಡಿನ ಬಾಲದ ಮೇಲೆ ಹೊದಿಸಿ, ಸದ್ದು ತುಂಬುವ ಜಾಗವನ್ನು ಎಣಿಕೆಗೆ ತನ್ನಿ.

ಇನ್ನೊಂದು. ‘ಮನಿ’ಯಲ್ಲಿ ಸ್ಯಾಕ್ಸೊಫೋನ್ ಏಳರಲ್ಲೇ ನಡೆದರೂ ಗಿಟಾರ್ ಸೋಲೊ ನಾಲ್ಕಕ್ಕೆ ತಿರುಗುತ್ತದೆ. ಅಲ್ಲಿ ಲೂಪ್ ಇಟ್ಟುಕೊಂಡರೆ ಕಲಸುಮೇಲೋಗರ. ಮೂಲದಲ್ಲೂ ಬ್ಯಾಂಡು ಹಿಡಿದುಕೊಂಡ ಮೇಲೆ ಲೂಪ್ ಕರಗಿಹೋಗುತ್ತದೆ. ನುಡಿಸುವವರ ನಡೆ ಹಿಂದೆಮುಂದೆ ಆಗುತ್ತದೆ, ಅಂಟಿಸಿದ ಟೇಪು ಕಾಯುವುದಿಲ್ಲ.