ಒಣಗದ ಬೂಟು, ಎರಡು ಕಡೆಯ ಹಳ್ಳ

ಜುಲೈ 12, 2025, ಶನಿವಾರ
ವಾಳ್ಪೈ, ಗೋವಾ

ಜುಲೈನಲ್ಲಿ ಗೋವಾದಲ್ಲಿ ಏನೂ ಒಣಗುವುದಿಲ್ಲ. ಟವೆಲ್ಲೂ ಇಲ್ಲ, ಬೂಟೂ ಇಲ್ಲ. ಉಳಿದವರಿಗೆ ಅದು ಬರೀ ಬೇಜಾರು. ಕಪ್ಪೆ ಅಧ್ಯಯನ ಮಾಡುವ ನಮ್ಮಂಥವರಿಗೆ ದೊಡ್ಡ ತಲೆನೋವು.

ಕಾರಣ ಕಿಟ್ರಿಡ್ ಅನ್ನುವ ಶಿಲೀಂಧ್ರ. ಅದು ಕಪ್ಪೆಯ ಚರ್ಮಕ್ಕೆ ಹತ್ತುತ್ತದೆ. ಕಪ್ಪೆ ನೀರು ಎಳೆದುಕೊಳ್ಳುವುದು ಚರ್ಮದಿಂದಲೇ, ಉಸಿರಾಟವೂ ಒಂದಷ್ಟು ಅದರಿಂದಲೇ. ಚರ್ಮ ಕೆಟ್ಟರೆ ಮುಗಿಯಿತು. 2019ರಲ್ಲಿ ಬಂದ ಲೆಕ್ಕದ ಪ್ರಕಾರ ಈ ರೋಗದಿಂದ ಜಗತ್ತಿನಲ್ಲಿ 501 ಜಾತಿಗಳು ಕುಸಿದಿವೆ, ಅದರಲ್ಲಿ 90 ಅಳಿದೇ ಹೋಗಿರಬಹುದು. ನಮ್ಮ ಪಶ್ಚಿಮ ಘಟ್ಟದ ಕಪ್ಪೆಗಳ ಮೈಮೇಲೂ ಅದು ಸಿಕ್ಕಿದೆ. ಬೇರೆ ದೇಶಗಳಲ್ಲಿ ಆದ ಹಾಗೆ ಸಾಲುಸಾಲು ಸಾವು ಇಲ್ಲಿ ಕಂಡಿಲ್ಲ, ಸದ್ಯ. ಆದರೆ ರೋಗ ಹುಡುಕಲು ಹೋದವರೇ ಅದನ್ನು ಒದ್ದೆ ಬೂಟಿನಲ್ಲಿ ಹಳ್ಳದಿಂದ ಹಳ್ಳಕ್ಕೆ ಹೊತ್ತರೆ?

ಪೂರ್ತಿ ಒಣಗಿಸಿದರೆ ಅದು 3 ಗಂಟೆಯಲ್ಲಿ ಸಾಯುತ್ತದೆ. ಈ ಮಳೆಯಲ್ಲಿ ಎಲ್ಲಿ ಒಣಗಿಸುವುದು ಹೇಳಿ.

ಬೆಳಿಗ್ಗೆ ಬೂಟು ಉಜ್ಜುತ್ತಾ ಕೂತಿದ್ದೆ. ಜೀಪ್ ಓಡಿಸುವ ಕಾಕಾ ಖಾನಾಪುರದವರು. ನೋಡಿ ನೋಡಿ ಕೇಳಿಯೇಬಿಟ್ಟರು: "ಅಲ್ರೀ ಅಕ್ಕಾರ, ಇಷ್ಟ ಮಳಿ ಹೊಡ್ಯಾಕತ್ತೈತಿ. ಎಲ್ಲಾ ಹಳ್ಳ ಒಂದಾಗಿ ಹರಿತಾವ. ನಿಮ್ಮ ಬೂಟಿಂದ ಏನ್ ಆಗ್ತೈತ್ರಿ?"

"ಕಾಕಾ, ಕಣಕುಂಬಿ ನೀರು ಎಲ್ಲಿಗೆ ಹೋಗ್ತದೆ?"

"ಮಲಪ್ರಭಾಕ್ಕ."

"ಚೋರ್ಲಾ ಘಾಟ್ ಇಳಿದ ಮೇಲೆ ಸಿಗೋ ನೀರು?"

"ಮಹಾದಾಯಿಗೆ."

ಅಷ್ಟೇ ವಿಷಯ. ಒಂದು ಕೃಷ್ಣೆ ಸೇರಿ ಬಂಗಾಳ ಕೊಲ್ಲಿಗೆ, ಇನ್ನೊಂದು ಅರಬ್ಬೀ ಸಮುದ್ರಕ್ಕೆ. ಎಷ್ಟೇ ಮಳೆ ಹೊಯ್ದರೂ ತಾವಾಗಿ ಸೇರುವುದಿಲ್ಲ. (ಸೇರಿಸುವ ಕಳಸಾ-ಬಂಡೂರಿ ಜಗಳ ಬೇರೆ. ಗೋವಾದಲ್ಲಿ ಕೂತು ಅದನ್ನು ಕನ್ನಡದಲ್ಲಿ ಬರೆಯುವ ಧೈರ್ಯ ನನಗಿಲ್ಲ.) ನಮ್ಮ ಜೀಪು ಮಾತ್ರ ಒಂದೇ ಬೆಳಿಗ್ಗೆ ಎರಡನ್ನೂ ಮುಟ್ಟಿ ಬರುತ್ತದೆ.

ಅದಕ್ಕೇ ಈಗ ಬೂಟು, ಬಲೆ, ಬಕೆಟ್ ಎಲ್ಲ ಎರಡೆರಡು ಜೊತೆ. ಕೆಂಪು ಬಣ್ಣ ಬಳಿದದ್ದು ಗೋವಾ ಕಡೆಗೆ, ಹಳದಿ ಘಟ್ಟದ ಮೇಲಿನ ಕಣಕುಂಬಿ ಕಡೆಗೆ. ಮೊದಲು ಬ್ರಷ್ಷಿನಿಂದ ಕೆಸರು ತೆಗೆಯಬೇಕು. ಕೆಸರು ಉಳಿದರೆ ಬ್ಲೀಚಿನ ಶಕ್ತಿಯೆಲ್ಲ ಅದಕ್ಕೇ ಖರ್ಚು. ಆಮೇಲೆ 1% ಸೋಡಿಯಂ ಹೈಪೋಕ್ಲೋರೈಟ್ ಇರುವ ಬ್ಲೀಚ್ ದ್ರಾವಣದಲ್ಲಿ 1 ನಿಮಿಷ, ಅಥವಾ 70% ಸ್ಪಿರಿಟ್‌ನಲ್ಲಿ 20 ಸೆಕೆಂಡ್. ಬ್ಲೀಚ್ ಇಟ್ಟಲ್ಲೇ ಸತ್ವ ಕಳೆದುಕೊಳ್ಳುತ್ತದೆ, ಹಾಗಾಗಿ ದಿನಾ ಹೊಸದಾಗಿ ಕಲಸುತ್ತೇವೆ. ಹಳ್ಳದ ಹತ್ತಿರ ಮಾತ್ರ ಚೆಲ್ಲುವಂತಿಲ್ಲ, ಗೊದಮೊಟ್ಟೆಗಳು ಸಾಯುತ್ತವೆ. ಮನೆ ಮಾಲೀಕರು "ಫೆನಿ ಹಾಕಿ ತೊಳೀರಿ" ಅಂದರು. ಫೆನಿ 40ರ ಆಸುಪಾಸು, ನಮಗೆ ಬೇಕಾದ್ದು 70!

ಕೈಗವಸಿನ ಬಗ್ಗೆ ನಮ್ಮ ತಂಡದ ಹೊಸ ಹುಡುಗನ ಜೊತೆ ರಾತ್ರಿ ಸಣ್ಣ ವಾದ ಆಯಿತು. ಒಂದು ಕಪ್ಪೆಗೆ ಒಂದು ಜೊತೆ, ಒಂದು ಹೊಸ ಪ್ಲಾಸ್ಟಿಕ್ ಚೀಲ. "ಇಷ್ಟೊಂದು ಪ್ಲಾಸ್ಟಿಕ್ಕಾ ಅಕ್ಕಾ? ಮಧ್ಯೆ ಸ್ಪಿರಿಟ್ ಹಚ್ಚಿಕೊಂಡರೆ ಸಾಲದಾ?" ಸಂಕಟ ನನಗೂ ಇದೆ. ಆದರೆ ಸ್ಪಿರಿಟ್ ಶಿಲೀಂಧ್ರವನ್ನು ಕೊಲ್ಲುತ್ತದೆ, ಅದರ ಡಿಎನ್‌ಎ ಹಾಗೇ ಉಳಿಯುತ್ತದೆ. ನಾವು ಕಪ್ಪೆಯ ಮೈ ಒರೆಸಿದ ಹತ್ತಿಕಡ್ಡಿಯನ್ನು ಪಿಸಿಆರ್‌ಗೆ, ಅಂದರೆ ಡಿಎನ್‌ಎ ಹುಡುಕುವ ಪರೀಕ್ಷೆಗೆ ಕಳಿಸುತ್ತೇವೆ. ಅದು ಸತ್ತದ್ದನ್ನೂ ಹಿಡಿಯುತ್ತದೆ. ಮೊದಲನೇ ಕಪ್ಪೆಯ ರೋಗ ಎರಡನೆಯದರ ಹೆಸರಿನಲ್ಲಿ ಬರೆದುಹೋದರೆ ಇಡೀ ಹಳ್ಳವೇ ರೋಗದ್ದು ಅಂತಾಗಿಬಿಡುತ್ತದೆ. ಬ್ಲೀಚ್ ಡಿಎನ್‌ಎಯನ್ನೂ ಹಾಳು ಮಾಡುತ್ತದೆ, ಆದರೆ ಬ್ಲೀಚ್ ಹಚ್ಚಿದ ಕೈಯಲ್ಲಿ ಕಪ್ಪೆ ಹಿಡಿಯೋಕಾಗುತ್ತಾ? ಹುಡುಗ ಸುಮ್ಮನಾದ. ಒಪ್ಪಿದನೋ, ನಿದ್ದೆ ಬಂತೋ ಗೊತ್ತಿಲ್ಲ.

ಗೊದಮೊಟ್ಟೆಗೆ ಲ್ಯಾಟೆಕ್ಸ್ ಕೈಗವಸು ಆಗಿಬರುವುದಿಲ್ಲ, ಮುಟ್ಟಿದರೆ ಸತ್ತಿರುವುದೂ ಉಂಟು. ಅವಕ್ಕೆ ನೀರಲ್ಲಿ ತೊಳೆದ ವಿನೈಲ್ ಕೈಗವಸು.

ನಾಳೆ ಕಣಕುಂಬಿ, ಹಳದಿ ಸರದಿ. ಸ್ಪಿರಿಟ್ ಮುಗಿಯುತ್ತಾ ಬಂದಿದೆ. ಕಾಕಾ ಬೆಳಗಾವಿಯಿಂದ ತರಿಸುತ್ತೇನೆ ಅಂದಿದ್ದಾರೆ, ಬಿಲ್ ಮರೀಬೇಡಿ ಅಂತ ಬೇಕಾದಷ್ಟು ಸಲ ಹೇಳಿದ್ದೇನೆ.