ಕಟಿಂಗ್ ಮಾಡೋರಿಗೆ ಸನ್ಮಾನ ಯಾಕೆ ಅಂತ ಕೇಳುವವರಿಗೆ

ಹಾಸನದಲ್ಲಿ ಸೆಲೂನು ನಡೆಸಿಯೇ ತಲೆ ಹಣ್ಣಾದ ಹಿರಿಯರೊಬ್ಬರಿಗೆ ನಾವು ಶಿಷ್ಯರೆಲ್ಲ ಸೇರಿ ಶಾಲು ಹೊದಿಸಿ ಸನ್ಮಾನ ಮಾಡಿದೆವು. ಅಂದಿನಿಂದ ಒಂದೇ ಪ್ರಶ್ನೆ: "ಕಟಿಂಗ್ ಮಾಡೋರಿಗೆ ಸನ್ಮಾನ ಯಾಕ್ರೀ? ದುಡ್ಡು ಇಸ್ಕೊಂಡೇ ಮಾಡಿದ್ದಲ್ವಾ?" ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊನ್ನೆ ಒಬ್ಬರು ನನ್ನ ಕುರ್ಚಿಯಲ್ಲೇ ಕೂತು, ಮುಖದ ತುಂಬ ನೊರೆ ಹಚ್ಚಿಸಿಕೊಂಡು, ಕತ್ತು ಹಿಂದಕ್ಕೆ ಚಾಚಿ, ಕಣ್ಣು ಮುಚ್ಚಿಕೊಂಡು ಇದನ್ನೇ ಕೇಳಿದರು. ನನ್ನ ಕತ್ತಿ ಅವರ ಗಂಟಲ ಮೇಲಿತ್ತು. "ಸಾರ್, ಈಗ ಮಾತಾಡಬೇಡಿ" ಅಂದೆ. ಅಷ್ಟು ನಿಶ್ಚಿಂತೆಯಿಂದ ಗಂಟಲು ಒಡ್ಡಿ ಕೂತಿದ್ದಾರಲ್ಲ, ಈ ಕೈಯನ್ನು ಪಳಗಿಸಿದವರು ಯಾರು ಅಂತ ಅವರಿಗೆ ಹೊಳೆಯಲೇ ಇಲ್ಲ.

ಆ ಹಿರಿಯರು ದುಡ್ಡು ಇಸ್ಕೊಂಡಿದ್ದು ನಿಜ, ಕಟಿಂಗಿಗೆ. ಕಲಿಸಿದ್ದಕ್ಕೆ ಬಿಡಿಗಾಸೂ ಮುಟ್ಟಲಿಲ್ಲ. ಕೈಕಸುಬಿನವರಿಗೆ ಅಂತ ಕೇಂದ್ರ ಸರ್ಕಾರ 2023ರಲ್ಲಿ ಶುರು ಮಾಡಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕ್ಷೌರವೂ ಸೇರಿದೆ. ತರಬೇತಿಗೆ ಹೋದವರಿಗೆ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿವರೆಗೆ ಸಿಗುತ್ತದೆ. ಒಳ್ಳೆಯದೇ. ಮೇಷ್ಟ್ರು (ನಾವೆಲ್ಲ ಅವರನ್ನು ಕರೆಯೋದೇ ಹಾಗೆ) ಅದಕ್ಕೂ ಎಷ್ಟೋ ಮೊದಲೇ ಹಳ್ಳಿಯಿಂದ ಬಂದ ಹುಡುಗರಿಗೆ ಮನೆಯಲ್ಲಿ ಊಟ ಹಾಕಿ, ಕೈಯಿಂದ ದುಡ್ಡು ಹಾಕಿ ಕತ್ತರಿ ಕೊಡಿಸಿದರು.

ಕೇಳಲೇಬೇಕು ಅಂತಿದ್ದರೆ ಅವರು ಹೇಗೆ ಕಲಿಸುತ್ತಿದ್ದರು ಅಂತ ಕೇಳಿ, ಕೂತು ಹೇಳುತ್ತೇನೆ. ಮೊದಮೊದಲು ಕತ್ತರಿ ಮುಟ್ಟಿಸುತ್ತಿರಲಿಲ್ಲ. ಕಸ ಗುಡಿಸುತ್ತಲೇ ಗಿರಾಕಿಗಳ ನೆತ್ತಿ ನೋಡಬೇಕು. "ಸುಳಿ ಯಾವ ಕಡೆ ತಿರುಗಿದೆ ಹೇಳೋ" ಅನ್ನೋರು. ಸುಳಿ ನೋಡದೆ ಅಲ್ಲಿ ಗಿಡ್ಡ ಮಾಡಿದರೆ ಕೂದಲು ನೆಟ್ಟಗೆ ನಿಂತುಬಿಡುತ್ತೆ, ಎಣ್ಣೆ ಹಚ್ಚಿದರೂ ಬಗ್ಗಲ್ಲ. ಆಮೇಲೆ ಗಾಳಿಯಲ್ಲಿ ಕತ್ತರಿ ಆಡಿಸೋದು: ಉಂಗುರದ ಬೆರಳು ಹಿಡಿದ ಅಲಗು ಕದಲಬಾರದು, ಹೆಬ್ಬೆರಳು ಮಾತ್ರ ಆಡಬೇಕು. ಮಂಗಳವಾರ ನಮ್ಮ ಕಸುಬಿಗೆ ರಜೆ, ಅವತ್ತು ಶೇವಿಂಗ್ ಪಾಠ. ಊದಿದ ಬಲೂನಿಗೆ ನೊರೆ ಹಚ್ಚಿ ಬ್ಲೇಡಿನಲ್ಲಿ ತೆಗೆಯಬೇಕು. ಕೈ ಚೂರು ಭಾರವಾದರೆ ಢಂ! ಕನ್ನಡಿ ತುಂಬ ನೊರೆ. ಮೇಷ್ಟ್ರು ಬೈಯದೆ ಇನ್ನೊಂದು ಊದಿ ಕೊಡೋರು. ಒಬ್ಬರಿಗೆ ಹಾಕಿದ ಬ್ಲೇಡನ್ನು ಇನ್ನೊಬ್ಬರಿಗೆ ಹಾಕಿದವನಿಗೆ ಮಾತ್ರ ಕ್ಷಮೆ ಇರಲಿಲ್ಲ.

ಬೆಳಗ್ಗೆ ಅಂಗಡಿ ತೆಗೆಯೋ ಮುಂಚೆ ಹಾಸಿಗೆ ಹಿಡಿದವರ ಮನೆಗೆ ನಮ್ಮಲ್ಲೊಬ್ಬನನ್ನು ಕರಕೊಂಡು ಹೋಗೋರು. ಮಗ್ಗುಲಿಗೆ ಮಲಗಿಸಿ ಒಂದು ಕಡೆ ಮುಗಿಸಿ, ಮೆಲ್ಲಗೆ ಹೊರಳಿಸಿ ಇನ್ನೊಂದು ಕಡೆ. ಕತ್ತಿನ ಮೇಲೆ ಒಂದು ಕೂದಲೂ ಉಳಿಯಬಾರದು, ಚುಚ್ಚಿದರೆ ಕೆರೆದುಕೊಳ್ಳೋಕೆ ಅವರಿಗೆ ಕೈ ಎತ್ತಲಾಗಲ್ಲ. ಇದನ್ನು ನನಗೆ ಬೇರೆ ಯಾರೂ ಕಲಿಸುತ್ತಿರಲಿಲ್ಲ.

ಅವರ ಕೈಯಲ್ಲಿ ಪಳಗಿದವರು ಇವತ್ತು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಲ್ಲಿ ಅಂಗಡಿ ಇಟ್ಟಿದ್ದಾರೆ. ಒಬ್ಬನಂತೂ ಮೇಷ್ಟ್ರ ಬೀದಿಯಲ್ಲೇ ಇಟ್ಟ. ನಿಮ್ಮ ಗಿರಾಕಿಗಳೆಲ್ಲ ಆ ಕಡೆ ಹೋಗ್ತಾರೆ ನೋಡಿ ಅಂತ ಜನ ಹೆದರಿಸಿದರು. ಮೇಷ್ಟ್ರು ಅಂಗಡಿ ಪೂಜೆಗೆ ಹೋಗಿ, ಮೊದಲ ಗಿರಾಕಿಯಾಗಿ ತಾವೇ ಕುರ್ಚಿಯಲ್ಲಿ ಕೂತು, ಬೇಡ ಬೇಡ ಅಂದರೂ ಕೇಳದೆ ಪೂರ್ತಿ ದುಡ್ಡು ಕೊಟ್ಟು ಬಂದರು.